ದನಿಯ ರುಚಿ, ಬಣ್ಣದ ಸ್ಪರ್ಶ

ಒಂದು ಇಂದ್ರಿಯದ ಅನುಭವವನ್ನು ಇನ್ನೊಂದರ ಮಾತಿನಲ್ಲಿ ಹೇಳುವುದು ಕವಿಗಳಿಗಷ್ಟೇ ಸಲ್ಲುವ ಸ್ವಾತಂತ್ರ್ಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಶಾಲೆಯ ಅಲಂಕಾರದ ಪಾಠಗಳೂ ಅದನ್ನು ಪೋಷಿಸಿವೆ. ಆದರೆ ‘ಸ್ವಲ್ಪ ಗಟ್ಟಿಯಾಗಿ ಮಾತಾಡಿ’ ಎಂದು ದೂರವಾಣಿಯಲ್ಲಿ ಕೇಳಿಕೊಳ್ಳುವ ಗೃಹಸ್ಥರು ಕಾವ್ಯ ರಚಿಸುತ್ತಿಲ್ಲವಷ್ಟೆ! ಕಲ್ಲಿಗೋ ನೆಲಕ್ಕೋ ಸಲ್ಲಬೇಕಾದ ಗುಣವನ್ನು ಅವರು ದನಿಗೆ ಕೊಟ್ಟಿದ್ದಾರೆ. ಬಯಸಿದ್ದು ಸಿಗದ ಮಗುವಿನ ಮುಖ ‘ಸಪ್ಪೆ’ಯಾಗುತ್ತದೆ, ಉಪ್ಪಿಲ್ಲದ ಸಾರಿನ ಗುಣ ಕಣ್ಣಿಗೆ ಕಾಣುವ ಮುಖಕ್ಕೆ ಬಂದಿದೆ. ‘ಕರ್ಕಶ’ ಎಂಬುದಕ್ಕೆ ಸಂಸ್ಕೃತದಲ್ಲಿ ಒರಟು, ಗಡುಸು ಎಂದರ್ಥ. ಕನ್ನಡದಲ್ಲಿ ಅದು ಬಹುತೇಕ ಕಿವಿಯ ಸ್ವತ್ತಾಗಿದೆ. ‘ಮಧುರ’ ಜೇನಿನಿಂದ ಬಂದದ್ದು. ‘ಹಸಿರು’ ಕೂಡ ‘ಹಸಿ’ಯ ಬಳಗಕ್ಕೆ ಸೇರಿದ ಪದ, ಕೈಗೆ ತಾಗುವ ತೇವವೇ ಕಣ್ಣಿಗೆ ಬಣ್ಣವಾಗಿದೆ. (‘ಬೆಲೆ ಏರಿಕೆಯ ಬಿಸಿ’ ಈ ಸಾಲಿಗೆ ಸೇರದು. ಅರ್ಥಶಾಸ್ತ್ರ ಓದಿದ ನನಗೆ ಅದು ಪ್ರಿಯವಾದ ಪ್ರಯೋಗವೇ ಆದರೂ, ಬೆಲೆಯೆಂಬುದು ಯಾವ ಇಂದ್ರಿಯಕ್ಕೂ ಗೋಚರವಲ್ಲ, ಜೇಬಿಗೆ ಮಾತ್ರ.)

ಅಕ್ಷರ ಕಂಡೊಡನೆ ಅಥವಾ ನಾದ ಕೇಳಿದೊಡನೆ ಬಣ್ಣವನ್ನೇ ಅನುಭವಿಸುವ ಕೆಲವರಿದ್ದಾರೆ. ಕಾದಂಬರಿಕಾರ ವ್ಲಾಡಿಮಿರ್ ನಬೊಕೊವ್ ಅಂಥವರಲ್ಲೊಬ್ಬರು. ಅದು ನರವಿಜ್ಞಾನದ ವಿಷಯ. ಭಾಷೆ ನಮಗೆಲ್ಲರಿಗೂ ಹಂಚಿರುವ ಸೌಲಭ್ಯ ಬೇರೆಯದು. ಹಂಗೇರಿ ಮೂಲದ ಭಾಷಾಶಾಸ್ತ್ರಜ್ಞ ಸ್ಟೀಫನ್ ಉಲ್ಮನ್, 20ನೇ ಶತಮಾನದ ಮಧ್ಯಭಾಗದಲ್ಲಿ, ಐರೋಪ್ಯ ಕವಿಗಳ ಪ್ರಯೋಗಗಳನ್ನು ಎಣಿಸಿ ನೋಡಿ, ಈ ಕೊಡುಕೊಳ್ಳುವಿಕೆಗೊಂದು ದಿಕ್ಕಿದೆ ಎಂದು ತೋರಿಸಿದರು. ಸ್ಪರ್ಶ, ರುಚಿ, ವಾಸನೆಗಳು ಸಾಲ ಕೊಡುತ್ತವೆ. ಶ್ರವಣ, ದೃಷ್ಟಿಗಳು ಪಡೆಯುತ್ತವೆ. ಮೇಲಿನ ಕನ್ನಡ ಮಾತುಗಳೂ ಬಹುಮಟ್ಟಿಗೆ ಈ ಲೆಕ್ಕಕ್ಕೆ ಹೊಂದುತ್ತವೆ. ಅಪವಾದಗಳೂ ಉಂಟು. ‘ರುಚಿ’ ಎಂಬ ಪದವೇ ಹೊಳೆಯುವುದು ಎಂಬರ್ಥದ ಧಾತುವಿನಿಂದ ಹುಟ್ಟಿ, ಬೆಳಕಿನಿಂದ ನಾಲಿಗೆಗೆ ಇಳಿದಿದೆ. ನಾವಂತೂ ಮೂಸಿಯೂ ‘ನೋಡು’ತ್ತೇವೆ, ಮುಟ್ಟಿಯೂ ‘ನೋಡು’ತ್ತೇವೆ.

ಯುರೋಪು 19ನೇ ಶತಮಾನದಲ್ಲಿ ಹೊಸದೆಂಬಂತೆ ಚರ್ಚಿಸಿದ ಈ ಬೆರಕೆ ನಮ್ಮ ಕಲಾಮೀಮಾಂಸೆಯ ತಳಹದಿಯಲ್ಲೇ ಇದೆ. ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನೆಂದು ವಿವರಿಸುವುದು ಊಟದ ಉಪಮೆಯಿಂದ: ಬಗೆಬಗೆಯ ವ್ಯಂಜನಗಳು ಸೇರಿದ ಅನ್ನವನ್ನು ಸವಿಯುವಂತೆ ಪ್ರೇಕ್ಷಕ ಭಾವವನ್ನು ಸವಿಯುತ್ತಾನೆ. ಅಷ್ಟಕ್ಕೇ ನಿಲ್ಲದೆ ಅವನು ರಸಗಳಿಗೆ ಬಣ್ಣವನ್ನೂ ಗೊತ್ತುಮಾಡಿದ. ಹಾಸ್ಯಕ್ಕೆ ಬಿಳಿ, ರೌದ್ರಕ್ಕೆ ಕೆಂಪು, ಅದ್ಭುತಕ್ಕೆ ಹಳದಿ, ಕರುಣಕ್ಕೆ ಪಾರಿವಾಳದ ಬೂದು. ರಾಗಗಳನ್ನೇ ಚಿತ್ರವಾಗಿಸಿದ ರಾಗಮಾಲಾ ಪರಂಪರೆ ರಾಜಸ್ಥಾನ, ಪಹಾಡಿ ಸೀಮೆಗಳಂತೆ ದಖ್ಖನಿನಲ್ಲೂ ಬೆಳೆಯಿತು. 1580ರಿಂದ 1627ರವರೆಗೆ ಬಿಜಾಪುರವನ್ನಾಳಿದ ಎರಡನೇ ಇಬ್ರಾಹಿಂ ಆದಿಲ್ ಶಾಹ ತನ್ನ ದಖ್ಖನಿ ಗೀತಸಂಕಲನಕ್ಕೆ ‘ಕಿತಾಬ್-ಎ-ನೌರಸ್’ ಎಂದೇ ಹೆಸರಿಟ್ಟ. ಅದರ ಕೆಲವು ಗೀತೆಗಳಲ್ಲಿ ರಾಗಗಳು ಮೈಬಣ್ಣ, ಉಡುಗೆಗಳುಳ್ಳ ವ್ಯಕ್ತಿಗಳಾಗಿ ಬರುತ್ತವೆ.

ದನಿ, ಬಣ್ಣಗಳು ಚರ್ಮ ಮತ್ತು ನಾಲಿಗೆಗಳಿಂದ ಸಾಲ ಪಡೆದೇ ಮಾತಾಗುವುದಾದರೆ, ಆ ಮೂಲ ಬಂಡವಾಳ ಕರಗಿದಾಗ ಏನಾದೀತು? ಒಗರು, ನವಿರು, ಜಿಗುಟು, ಕಮಟು, ತರಿತರಿ ಇವೆಲ್ಲ ನಗರದ ಮನೆಗಳಲ್ಲಿ ಅಪರೂಪವಾಗುತ್ತಿವೆ. ‘ಟೇಸ್ಟಿ’, ‘ಸಾಫ್ಟ್’ ಎಂಬೆರಡರಲ್ಲಿ ಮಕ್ಕಳ ವ್ಯವಹಾರ ಮುಗಿಯುತ್ತದೆ. ಇಂಗ್ಲಿಷಿನ ಬಗ್ಗೆ ನನಗೆ ಮುನಿಸಿಲ್ಲ. ಆದರೆ ಹತ್ತು ಪದಗಳ ಜಾಗದಲ್ಲಿ ಎರಡು ಕುಳಿತರೆ ನಷ್ಟ ಅಡುಗೆಮನೆಗೆ ಮಾತ್ರ ತಟ್ಟುವುದಿಲ್ಲ. ಸಂಗೀತ ಕಛೇರಿಗಳ ವರದಿಗಳನ್ನು ಗಮನಿಸಿ: ಗಾಯನ ‘ಅದ್ಭುತ’ವಾಗಿರುತ್ತದೆ, ‘ಶ್ರೋತೃಗಳನ್ನು ರಂಜಿಸು’ತ್ತದೆ. ಮಂದ್ರಸ್ಥಾಯಿಯಲ್ಲಿ ಆ ದನಿ ಎಳೆ ನೆಲ್ಲಿಕಾಯಿಯಂತೆ ಒಗರಾಗಿತ್ತೇ, ಕಾಯಿಸಿದ ಹಾಲಿನಂತೆ ಕೆನೆಗಟ್ಟಿತ್ತೇ ಎಂಬುದು ಮಾತ್ರ ಓದುಗನಿಗೆ ತಿಳಿಯುವುದಿಲ್ಲ.