ಕಪ್ಪು ಪರದೆಯ ಮುಂದೆ: ರೂಟರ್, ಸ್ವಿಚ್‌ಗಳ ಜೊತೆ ಮಾತಾಡೋದು ಹೇಗೆ?

ಹಾರ್ಲೆಮ್‌ನಲ್ಲಿ ಮನೆ ಮಾಡಿರುವ ನಮ್ಮಂಥ ವಿದ್ಯಾರ್ಥಿಗಳೆಲ್ಲ ಬಂದ ಹೊಸದರಲ್ಲೇ ಒಂದು ಸಲ ವಾರ್ಡರ್‌ಪೋಲ್ಡರ್ ಕಡೆ ಹೋಗಿಯೇ ಇರ್ತೀವಿ. ಹಾಸಿಗೆ, ಮೇಜು, ಬಾಣಲೆ ತರೋಕೆ ಐಕಿಯಾ ಇರೋದು ಅಲ್ಲೇ, ಸ್ಪಾರ್ನ್‌ವೌಡೆ ರೈಲು ನಿಲ್ದಾಣದ ಹತ್ತಿರ. ಅದೇ ಕೈಗಾರಿಕಾ ಪ್ರದೇಶದಲ್ಲಿ ಹೊರಗಿನಿಂದ ಗೋದಾಮಿನ ಹಾಗೆ ಕಾಣುವ ಒಂದು ಡೇಟಾ ಸೆಂಟರ್ ಇದೆ. 2007ರಲ್ಲಿ ಎವೋಸ್ವಿಚ್ ಅನ್ನೋ ಹೆಸರಿನಲ್ಲಿ ಶುರುವಾದ ಇದನ್ನು 2018ರಲ್ಲಿ ಐರನ್ ಮೌಂಟನ್ ಕಂಪನಿ ಕೊಂಡುಕೊಂಡಿತು. ನೂರಾರು ಸಂಸ್ಥೆಗಳ ನೆಟ್‌ವರ್ಕ್‌ಗಳು ಒಂದಕ್ಕೊಂದು ಡೇಟಾ ದಾಟಿಸುವ ದೊಡ್ಡ ಸಂತೆಯಾದ ಆಮ್‌ಸ್ಟರ್‌ಡ್ಯಾಮ್ ಇಂಟರ್ನೆಟ್ ಎಕ್ಸ್‌ಚೇಂಜಿನ ಒಂದು ನೆಲೆ ಇದರೊಳಗೂ ಇದೆ.

ಈ ದೇಶಕ್ಕೂ ಇಂಟರ್ನೆಟ್‌ಗೂ ಹಳೇ ನಂಟು. 1988ರ ನವೆಂಬರ್ 17ರಂದು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಎಂಬ ಗಣಿತ ಮತ್ತು ಕಂಪ್ಯೂಟರ್ ಸಂಶೋಧನಾ ಕೇಂದ್ರ ಅಮೆರಿಕದ ಎನ್‌ಎಸ್‌ಎಫ್‌ನೆಟ್ ಜೊತೆ ಸೇರಿತು. ಯುರೋಪಿನ ಮೊದಲ ಮುಕ್ತ ಇಂಟರ್ನೆಟ್ ಸಂಪರ್ಕ ಅಂತ ಇದನ್ನೇ ಗುರುತಿಸುತ್ತಾರೆ.

ಅಂದಿನಿಂದ ಇಂದಿನವರೆಗೆ ವೇಗ ಎಷ್ಟೋ ಪಟ್ಟು ಹೆಚ್ಚಿದೆ. ಆದರೆ ಒಂದು ವಿಷಯ ಅಷ್ಟಾಗಿ ಬದಲಾಗಿಲ್ಲ. ಇಂಥ ಕಟ್ಟಡಗಳಲ್ಲಿ ಸಾಲುಸಾಲಾಗಿ ಕೂತಿರುವ ಸ್ವಿಚ್, ರೂಟರ್‌ಗಳಿಗೆ ಪರದೆ ಇಲ್ಲ, ಮೌಸ್ ಇಲ್ಲ. ಇವತ್ತು ಸಾವಿರಾರು ಡಬ್ಬಿಗಳನ್ನು ಸಾಫ್ಟ್‌ವೇರೇ ನಿಭಾಯಿಸುತ್ತೆ, ನಿಜ. ಏನಾದರೂ ಕೆಟ್ಟಾಗ ಮಾತ್ರ ಇಂಜಿನಿಯರ್ ಕೊನೆಗೆ ಕೂರೋದು ಕಪ್ಪು ಪರದೆಯ ಮುಂದೆಯೇ, ಒಂದೊಂದೇ ಸಾಲು ಟೈಪ್ ಮಾಡ್ತಾ. ಆ ಸಾಲುಗಳ ಗುಣವನ್ನು ಮೊದಲೇ ತಿಳಿದಿರಬೇಕು: ಎಂಟರ್ ಒತ್ತಿದ ಕ್ಷಣವೇ ಜಾರಿಗೆ ಬರುತ್ತವೆ. "ಖಚಿತವೇ?" ಅಂತ ಡಬ್ಬಿ ಕೇಳೋದು ಅಪರೂಪ. ಹಾಗಾಗಿ ಕಮಾಂಡ್ ಕಲಿಯುವುದರ ಜೊತೆಗೆ ವಾಪಸ್ ಬರುವ ದಾರಿಯನ್ನೂ ಕಲಿಯಬೇಕು. ಈ ಲೇಖನದಲ್ಲಿ ಎರಡನ್ನೂ ನೋಡೋಣ.

ವಠಾರ ಮತ್ತು ಅಂಚೆ ಕಚೇರಿ

ಸ್ವಿಚ್‌ಗೂ ರೂಟರ್‌ಗೂ ಏನು ವ್ಯತ್ಯಾಸ? ಬೆಂಗಳೂರು, ಮೈಸೂರಿನ ಹಳೇ ವಠಾರ ನೆನೆಸಿಕೊಳ್ಳಿ. ಒಂದೇ ಗೇಟು, ಒಳಗೆ ಸಾಲು ಮನೆಗಳು. ಒಂದು ಮನೆಯಿಂದ ಇನ್ನೊಂದಕ್ಕೆ ಹುಳಿ ಕಳಿಸೋಕೆ ಅಂಚೆ ಕಚೇರಿ ಬೇಡ, ಯಾವ ಬಾಗಿಲು ಯಾರದು ಅಂತ ಗೊತ್ತಿದ್ದರೆ ಸಾಕು. ಸ್ವಿಚ್ ಕೆಲಸ ಅಷ್ಟೇ. ಪ್ರತಿ ಯಂತ್ರಕ್ಕೂ 48 ಬಿಟ್‌ಗಳ ಒಂದು ಮ್ಯಾಕ್ ವಿಳಾಸ ಇರುತ್ತೆ. ಯಾವ ಪೋರ್ಟಿನಿಂದ ಯಾವ ಮ್ಯಾಕ್ ಬಂತು ಅಂತ ಸ್ವಿಚ್ ಬರೆದಿಟ್ಟುಕೊಳ್ಳುತ್ತೆ. ಗೊತ್ತಿಲ್ಲದ ವಿಳಾಸ ಬಂದರೆ ಬಂದ ಬಾಗಿಲೊಂದನ್ನು ಬಿಟ್ಟು ಉಳಿದ ಎಲ್ಲಾ ಬಾಗಿಲಿಗೂ ಕಳಿಸಿ ನೋಡುತ್ತೆ.

ವಠಾರದಾಚೆ ಹೋಗಬೇಕಾದರೆ ಅಂಚೆ ಕಚೇರಿ ಬೇಕು. ಅದೇ ರೂಟರ್. ಅದು ನೋಡೋದು ಐಪಿ ವಿಳಾಸವನ್ನು. "ಈ ಊರಿನ ಕಾಗದ ಈ ಚೀಲಕ್ಕೆ" ಅನ್ನೋ ಹಾಗೆ ಅದರಲ್ಲಿ ದಾರಿಗಳ ಪಟ್ಟಿ ಇರುತ್ತೆ.

ನಾವು ಮನೆಯಲ್ಲಿ ಅಭ್ಯಾಸಕ್ಕೆ ಅಂತ ಒಂದು ಹಳೇ ಸಿಸ್ಕೋ ಸ್ವಿಚ್, ಒಂದು ಹಳೇ ರೂಟರ್ ಇಟ್ಟುಕೊಂಡಿದ್ದೇವೆ. ಸ್ವಿಚ್‌ಗೆ ತುಂಗಾ ಅಂತಲೂ, ರೂಟರ್‌ಗೆ ಹಾರ್ಲೆಮ್‌ನ ನದಿಯ ನೆನಪಿಗೆ ಸ್ಪಾರ್ನೆ ಅಂತಲೂ ಹೆಸರು. ಮುಂದಿನ ಉದಾಹರಣೆಗಳೆಲ್ಲ ಇವೆರಡರದ್ದೇ. ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಅವೇ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಬೇಕು.

ಜಗಲಿ, ನಡುಮನೆ, ಅಡುಗೆಮನೆ

ಹೊಸ ಡಬ್ಬಿಗೆ ಐಪಿ ವಿಳಾಸವೇ ಇರಲ್ಲ, ಹಾಗಾಗಿ ನೆಟ್‌ವರ್ಕ್ ಮೂಲಕ ಅದನ್ನು ಮುಟ್ಟೋಕೆ ಆಗಲ್ಲ. ಕನ್ಸೋಲ್ ಅಂತ ಬರೆದಿರುವ ಪೋರ್ಟಿಗೆ ಕನ್ಸೋಲ್ ಕೇಬಲ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಲ್ಯಾಪ್‌ಟಾಪ್‌ಗೆ ಹಾಕಿ, ಪುಟ್ಟಿ ಥರದ ಪ್ರೋಗ್ರಾಂನಲ್ಲಿ ವೇಗ 9600 ಅಂತ ಕೊಟ್ಟರೆ ಕಪ್ಪು ಪರದೆ ಮೇಲೆ ಹೀಗೆ ಬರುತ್ತೆ:

ಸ್ವಿಚ್>

ಈ ">" ಗುರುತು ಅಂದರೆ ನೀವಿನ್ನೂ ಜಗಲಿಯಲ್ಲಿದ್ದೀರಿ. ಕೆಲವು ವಿಷಯ ನೋಡಬಹುದು, ಏನನ್ನೂ ಬದಲಾಯಿಸುವಂತಿಲ್ಲ. ಒಳಗೆ ಹೋಗೋದು ಹೀಗೆ:

ಸ್ವಿಚ್> ಎನೇಬಲ್
ಸ್ವಿಚ್# ಕಾನ್ಫಿಗರ್ ಟರ್ಮಿನಲ್
ಸ್ವಿಚ್(ಕಾನ್ಫಿಗ್)# ಹೋಸ್ಟ್‌ನೇಮ್ ತುಂಗಾ
ತುಂಗಾ(ಕಾನ್ಫಿಗ್)#

"#" ಬಂದರೆ ನಡುಮನೆ: ಎಲ್ಲವನ್ನೂ ನೋಡಬಹುದು, ಡಬ್ಬಿಯನ್ನು ರೀಸ್ಟಾರ್ಟ್ ಕೂಡ ಮಾಡಬಹುದು. "(ಕಾನ್ಫಿಗ್)#" ಬಂದರೆ ಅಡುಗೆಮನೆ, ಇಲ್ಲಿ ಕೈ ಹಾಕಿದ್ದೆಲ್ಲ ಬದಲಾವಣೆಯೇ. ಒಂದು ನಿರ್ದಿಷ್ಟ ಪೋರ್ಟಿನ ಒಳಗೆ ಹೋದರೆ "(ಕಾನ್ಫಿಗ್-ಇಫ್)#" ಅಂತ ತೋರಿಸುತ್ತೆ. "ಎಕ್ಸಿಟ್" ಅಂದರೆ ಒಂದು ಹೆಜ್ಜೆ ಹಿಂದೆ, "ಎಂಡ್" ಅಂದರೆ ನೇರ ನಡುಮನೆಗೆ. ಟೈಪ್ ಮಾಡುವ ಮುಂಚೆ ಎಡಗಡೆಯ ಹೆಸರು ಮತ್ತು ಗುರುತು ಓದೋದು ಒಳ್ಳೇ ರೂಢಿ. ಹತ್ತು ಕಿಟಕಿ ತೆರೆದಿಟ್ಟುಕೊಂಡಾಗ ಯಾವ ಡಬ್ಬಿಯ ಯಾವ ಕೋಣೆಯಲ್ಲಿದ್ದೀರಿ ಅಂತ ಹೇಳೋದು ಅದೊಂದೇ.

ಕಮಾಂಡ್ ಬಾಯಿಪಾಠ ಮಾಡುವ ಅಗತ್ಯ ಇಲ್ಲ. ಎಲ್ಲಿ ಬೇಕಾದರೂ "?" ಒತ್ತಿದರೆ ಮುಂದೆ ಏನೇನು ಹಾಕಬಹುದು ಅಂತ ಪಟ್ಟಿ ಬರುತ್ತೆ. ಅರ್ಧ ಪದ ಬರೆದು ಟ್ಯಾಬ್ ಒತ್ತಿದರೆ ಪೂರ್ತಿ ಮಾಡಿಕೊಡುತ್ತೆ. ಪಳಗಿದವರು "ಕಾನ್ಫ್ ಟಿ" ಅಂತ ಮೊಟಕಾಗಿ ಹೊಡೆಯೋದನ್ನೂ ನೋಡಿರ್ತೀರಿ. ಗೊಂದಲಕ್ಕೆ ಎಡೆ ಇಲ್ಲದಿದ್ದರೆ ಡಬ್ಬಿ ಅದನ್ನೂ ಒಪ್ಪುತ್ತೆ.

ಒಂದು ಸ್ವಿಚ್, ಎರಡು ವಠಾರ

ನಮ್ಮ ಲ್ಯಾಪ್‌ಟಾಪ್‌ಗಳು ಒಂದು ಕಡೆ, ಮನೆಗೆ ಬಂದ ಸ್ನೇಹಿತರ ಫೋನ್‌ಗಳು ಇನ್ನೊಂದು ಕಡೆ ಇರಲಿ ಅಂದುಕೊಳ್ಳಿ. ಅದಕ್ಕೆ ಎರಡು ಸ್ವಿಚ್ ಕೊಳ್ಳಬೇಕಿಲ್ಲ. ಒಂದನ್ನೇ ಗೋಡೆ ಕಟ್ಟಿ ಎರಡು ವಠಾರ ಮಾಡಬಹುದು. ಈ ಗೋಡೆಯ ಹೆಸರು ವಿಲ್ಯಾನ್. 10 ಮನೆಯವರಿಗೆ, 20 ಅತಿಥಿಗಳಿಗೆ:

ತುಂಗಾ(ಕಾನ್ಫಿಗ್)# ವಿಲ್ಯಾನ್ 10
ತುಂಗಾ(ಕಾನ್ಫಿಗ್-ವಿಲ್ಯಾನ್)# ನೇಮ್ ಮನೆ
ತುಂಗಾ(ಕಾನ್ಫಿಗ್-ವಿಲ್ಯಾನ್)# ಎಕ್ಸಿಟ್
ತುಂಗಾ(ಕಾನ್ಫಿಗ್)# ಇಂಟರ್ಫೇಸ್ ಫಾಸ್ಟ್‌ಈಥರ್ನೆಟ್ 0/5
ತುಂಗಾ(ಕಾನ್ಫಿಗ್-ಇಫ್)# ಸ್ವಿಚ್‌ಪೋರ್ಟ್ ಮೋಡ್ ಆ್ಯಕ್ಸೆಸ್
ತುಂಗಾ(ಕಾನ್ಫಿಗ್-ಇಫ್)# ಸ್ವಿಚ್‌ಪೋರ್ಟ್ ಆ್ಯಕ್ಸೆಸ್ ವಿಲ್ಯಾನ್ 10

ವಿಲ್ಯಾನ್ 20ಕ್ಕೂ ಇದೇ ಕ್ರಮ. ಈಗ 5ನೇ ಪೋರ್ಟಿಗೆ ಸಿಕ್ಕಿಸಿದ ಯಂತ್ರ ಮನೆಯ ವಠಾರಕ್ಕೆ ಸೇರಿತು. ಸ್ವಿಚ್‌ನಿಂದ ರೂಟರ್‌ಗೆ ಹೋಗುವ ಒಂದೇ ತಂತಿ ಮಾತ್ರ ಎರಡೂ ವಠಾರದ ಸರಕು ಹೊರಬೇಕು. ಅದಕ್ಕೆ ಟ್ರಂಕ್ ಅಂತಾರೆ. ಪ್ರತಿ ಕಟ್ಟಿನ ಮೇಲೂ "ಇದು 10ರದ್ದು, ಇದು 20ರದ್ದು" ಅಂತ ಚೀಟಿ ಅಂಟಿಸಿ ಕಳಿಸುವ ದಾರಿ ಅದು:

ಸ್ವಿಚ್‌ಪೋರ್ಟ್ ಮೋಡ್ ಟ್ರಂಕ್
ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 10,20

ದೂರದಿಂದ ಸ್ವಿಚ್‌ಗೆ ಲಾಗಿನ್ ಆಗಬೇಕು ಅಂದರೆ ಅದಕ್ಕೂ ಒಂದು ಐಪಿ ಬೇಕು. "ಇಂಟರ್ಫೇಸ್ ವಿಲ್ಯಾನ್ 10" ಒಳಗೆ ಹೋಗಿ 192.168.10.2 ಕೊಟ್ಟು "ನೋ ಶಟ್‌ಡೌನ್" ಹೇಳಿ, ಹೊರಗೆ ಬಂದು "ಐಪಿ ಡೀಫಾಲ್ಟ್-ಗೇಟ್‌ವೇ 192.168.10.1" ಅಂದರೆ ಆಯ್ತು.

ರೂಟರ್ ಕಡೆ

ರೂಟರ್‌ನ ಪೋರ್ಟುಗಳು ಮುಚ್ಚಿದ ಬಾಗಿಲುಗಳಾಗಿಯೇ ಬರುತ್ತವೆ. ವಿಳಾಸ ಸರಿಯಾಗಿ ಕೊಟ್ಟರೂ "ನೋ ಶಟ್‌ಡೌನ್" ಅನ್ನೋವರೆಗೆ ಒಂದು ಪ್ಯಾಕೆಟ್ಟೂ ದಾಟಲ್ಲ. ಟ್ರಂಕ್ ಬಂದು ಸೇರುವ ಒಂದೇ ಪೋರ್ಟನ್ನು ಎರಡು ಉಪಪೋರ್ಟುಗಳಾಗಿ ಒಡೆಯುತ್ತೇವೆ:

ಸ್ಪಾರ್ನೆ(ಕಾನ್ಫಿಗ್)# ಇಂಟರ್ಫೇಸ್ ಗಿಗಾಬಿಟ್‌ಈಥರ್ನೆಟ್ 0/0
ಸ್ಪಾರ್ನೆ(ಕಾನ್ಫಿಗ್-ಇಫ್)# ನೋ ಶಟ್‌ಡೌನ್
ಸ್ಪಾರ್ನೆ(ಕಾನ್ಫಿಗ್-ಇಫ್)# ಇಂಟರ್ಫೇಸ್ ಗಿಗಾಬಿಟ್‌ಈಥರ್ನೆಟ್ 0/0.10
ಸ್ಪಾರ್ನೆ(ಕಾನ್ಫಿಗ್-ಸಬ್‌ಇಫ್)# ಎನ್‌ಕ್ಯಾಪ್ಸುಲೇಶನ್ ಡಾಟ್1ಕ್ಯೂ 10
ಸ್ಪಾರ್ನೆ(ಕಾನ್ಫಿಗ್-ಸಬ್‌ಇಫ್)# ಐಪಿ ಅಡ್ರೆಸ್ 192.168.10.1 255.255.255.0

20ಕ್ಕೆ 0/0.20, ವಿಳಾಸ 192.168.20.1. ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ವಿಚ್‌ನಲ್ಲಿ ಗೋಡೆ ಕಟ್ಟಿದ್ದೇವೆ, ನಿಜ. ಆದರೆ ರೂಟರ್‌ಗೆ ಎರಡೂ ವಠಾರದಲ್ಲಿ ಕಾಲಿರೋದರಿಂದ ಅದು ಅತಿಥಿಯ ಪ್ಯಾಕೆಟ್ಟನ್ನು ಮನೆಯ ಕಡೆಗೆ ಸಲೀಸಾಗಿ ದಾಟಿಸುತ್ತೆ. ಬೇಡ ಅಂದರೆ ಆ್ಯಕ್ಸೆಸ್ ಲಿಸ್ಟ್ ಬರೆದು ತಡೆಯಬೇಕು. ವಿಲ್ಯಾನ್ ಮಾಡಿದ ತಕ್ಷಣ ಭದ್ರತೆ ಬಂತು ಅಂದುಕೊಳ್ಳೋದು ತಪ್ಪು.

ಎಲ್ಲಾ ಸರಿ ಇದೆಯಾ ಅಂತ ನೋಡೋಕೆ "ಶೋ ಐಪಿ ಇಂಟರ್ಫೇಸ್ ಬ್ರೀಫ್" ಒಂದೇ ಸಾಕಷ್ಟು ಹೇಳುತ್ತೆ. ಪೋರ್ಟಿನ ಮುಂದೆ "ಅಡ್ಮಿನಿಸ್ಟ್ರೇಟಿವ್ಲಿ ಡೌನ್" ಅಂತಿದ್ದರೆ ಬಾಗಿಲು ಮುಚ್ಚಿದವರು ನಾವೇ, "ನೋ ಶಟ್‌ಡೌನ್" ಬಾಕಿ ಇದೆ. ಬರೀ "ಡೌನ್" ಅಂತಿದ್ದರೆ ಮೊದಲು ತಂತಿ ನೋಡಿ, ಆಮೇಲೆ ಆ ಕಡೆಯ ಡಬ್ಬಿ.

ಜೊತೆಗೆ ಬೀಗ. "ಎನೇಬಲ್ ಸೀಕ್ರೆಟ್" ಬಳಸಿ ನಡುಮನೆಗೆ ಪಾಸ್‌ವರ್ಡ್ ಹಾಕಿ. ಹಳೇ "ಎನೇಬಲ್ ಪಾಸ್‌ವರ್ಡ್" ಅದನ್ನು ಯಾರು ಬೇಕಾದರೂ ಓದುವ ಹಾಗೆ ಇಡುತ್ತೆ. ದೂರದಿಂದ ಲಾಗಿನ್ ಆಗೋಕೆ ಟೆಲ್‌ನೆಟ್ ಬೇಡ, ಅದರಲ್ಲಿ ಪಾಸ್‌ವರ್ಡ್ ಸಹ ತೆರೆದ ಕಾಗದದ ಹಾಗೆ ಹೋಗುತ್ತೆ. ಎಸ್‌ಎಸ್‌ಎಚ್ ಬಳಸಿ.

ಒಂದು ಪದದ ಬೆಲೆ

ಕೆಲವು ತಿಂಗಳ ನಂತರ ವಿಲ್ಯಾನ್ 30 ಬೇಕಾಯ್ತು ಅಂತ ಇಟ್ಟುಕೊಳ್ಳಿ. ಟ್ರಂಕ್ ಪಟ್ಟಿಗೆ ಸೇರಿಸಬೇಕು. ಸರಿಯಾದ ಸಾಲು ಹೀಗಿದೆ:

ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆ್ಯಡ್ 30

"ಆ್ಯಡ್" ಬಿಟ್ಟು ಬರೀ 30 ಅಂತ ಹಾಕಿದರೆ ಸ್ವಿಚ್ ಅದನ್ನು ಸೇರಿಸು ಅಂತ ತಿಳಿಯಲ್ಲ. ಹಳೇ ಪಟ್ಟಿ ಅಳಿಸಿ 30 ಒಂದನ್ನೇ ಇಡುತ್ತೆ. 10, 20 ಎರಡೂ ಆ ಕ್ಷಣವೇ ಕಟ್. ನೀವು 10ರ ಮೂಲಕ, ಅದೇ ಟ್ರಂಕ್ ದಾಟಿ ಲಾಗಿನ್ ಆಗಿದ್ದರೆ ನಿಮ್ಮ ಪರದೆಯೂ ಅಲ್ಲೇ ನಿಲ್ಲುತ್ತೆ. ಕೂತ ಕೊಂಬೆಯನ್ನೇ ಕಡಿದ ಹಾಗೆ! ಮನೆಯಲ್ಲಾದರೆ ಎದ್ದು ಹೋಗಿ ಕನ್ಸೋಲ್ ಕೇಬಲ್ ಹಾಕಬಹುದು. ಡಬ್ಬಿ ಇನ್ನೊಂದು ಊರಿನಲ್ಲಿದ್ದರೆ?

ದೊಡ್ಡ ಕಂಪನಿಗಳೂ ಇದಕ್ಕೆ ಹೊರತಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಸುಮಾರು ಆರು ಗಂಟೆ ನಿಂತುಹೋಗಿದ್ದು ನೆನಪಿರಬಹುದು. ಭಾರತದಲ್ಲಿ ಆಗ ರಾತ್ರಿ ಒಂಬತ್ತು ದಾಟಿತ್ತು. ತಮ್ಮ ಬೆನ್ನೆಲುಬಿನಂಥ ನೆಟ್‌ವರ್ಕಿನ ಸಾಮರ್ಥ್ಯ ಅಳೆಯೋಕೆ ಕೊಟ್ಟ ಒಂದು ಕಮಾಂಡ್ ಅದರ ಸಂಪರ್ಕಗಳನ್ನೇ ಕೆಡವಿತು, ಅದನ್ನು ತಡೆಯಬೇಕಿದ್ದ ತಪಾಸಣೆ ಸಾಫ್ಟ್‌ವೇರಿನಲ್ಲೂ ದೋಷ ಇತ್ತು ಅಂತ ಕಂಪನಿಯೇ ಆಮೇಲೆ ವಿವರಿಸಿತು. ದೂರದಿಂದ ಸರಿಮಾಡುವ ದಾರಿಗಳೂ ಮುಚ್ಚಿಹೋಗಿದ್ದರಿಂದ ಇಂಜಿನಿಯರುಗಳು ಡೇಟಾ ಸೆಂಟರ್‌ಗಳಿಗೇ ಹೋಗಬೇಕಾಯ್ತು.

ಎರಡು ನೆನಪು, ಒಂದು ವಾಪಸ್ ದಾರಿ

ಒಳ್ಳೇ ಸುದ್ದಿ ಏನಂದ್ರೆ ಈ ಡಬ್ಬಿಗಳಿಗೆ ಎರಡು ನೆನಪು ಇವೆ. ಈಗ ನಡೆಯುತ್ತಿರೋದು ರನ್ನಿಂಗ್-ಕಾನ್ಫಿಗ್, ಕರೆಂಟ್ ಹೋದರೆ ಅದೂ ಹೋಗುತ್ತೆ. ಉಳಿಸಿಟ್ಟದ್ದು ಸ್ಟಾರ್ಟಪ್-ಕಾನ್ಫಿಗ್, ಡಬ್ಬಿ ಮತ್ತೆ ಎದ್ದಾಗ ಓದುವುದು ಇದನ್ನೇ. ಒಂದನ್ನು ಇನ್ನೊಂದಕ್ಕೆ ಇಳಿಸೋ ಕಮಾಂಡ್ "ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್". ಇದನ್ನು ಮರೆತರೆ ಮುಂದಿನ ಸಲ ಕರೆಂಟ್ ಹೋದಾಗ ಮಾಡಿದ ಕೆಲಸವೆಲ್ಲ ಮಾಯ.

ಆದರೆ ಇದೇ ಗುಣವನ್ನು ರಕ್ಷಣೆಗೂ ಬಳಸಬಹುದು. ದೂರದ ಡಬ್ಬಿಯಲ್ಲಿ ಅಪಾಯದ ಬದಲಾವಣೆ ಮಾಡುವ ಮುಂಚೆ ನಡುಮನೆಯಲ್ಲಿ ನಿಂತು ಹೀಗೆ ಹೇಳಿ:

ರೀಲೋಡ್ ಇನ್ 10

ಹತ್ತು ನಿಮಿಷದಲ್ಲಿ ತಾನಾಗಿ ರೀಸ್ಟಾರ್ಟ್ ಆಗು ಅಂತ ಅರ್ಥ. ಈಗ ಬದಲಾವಣೆ ಮಾಡಿ, ಆದರೆ ಉಳಿಸಬೇಡಿ. ಸಂಪರ್ಕ ತಪ್ಪಿದರೆ ಕಾಯಿರಿ, ಡಬ್ಬಿ ಹಳೇ ಕಾನ್ಫಿಗ್ ಜೊತೆ ಎದ್ದು ಬರುತ್ತೆ. ಎಲ್ಲ ಸರಿಯಾಗಿದ್ದರೆ "ರೀಲೋಡ್ ಕ್ಯಾನ್ಸಲ್" ಹೊಡೆದು, ಆಮೇಲೆ ಉಳಿಸಿ. ರೀಸ್ಟಾರ್ಟ್ ಆದರೆ ಅಷ್ಟು ಹೊತ್ತು ಎಲ್ಲರ ನೆಟ್‌ವರ್ಕೂ ನಿಲ್ಲುತ್ತೆ, ಆದ್ದರಿಂದ ಜನ ಕಮ್ಮಿ ಇರೋ ಹೊತ್ತು ನೋಡಿ ಮಾಡಬೇಕು. ಜುನಿಪರ್ ಡಬ್ಬಿಗಳಲ್ಲಿ ಇದಕ್ಕಿಂತ ನಯವಾದ ವ್ಯವಸ್ಥೆ ಇದೆ: "ಕಮಿಟ್ ಕನ್ಫರ್ಮ್ಡ್" ಅಂದರೆ ನೀವು ಮತ್ತೊಮ್ಮೆ ಒಪ್ಪಿಗೆ ಕೊಡದಿದ್ದರೆ ಹತ್ತು ನಿಮಿಷದಲ್ಲಿ ಹಳೇ ಸ್ಥಿತಿಗೆ ತಾನೇ ಮರಳುತ್ತೆ, ರೀಸ್ಟಾರ್ಟ್ ಇಲ್ಲದೆ.

ಕಲಿಯೋಕೆ ಡಬ್ಬಿ ಕೊಳ್ಳಲೇಬೇಕು ಅಂತಿಲ್ಲ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಖಾತೆ ತೆರೆದರೆ ಪ್ಯಾಕೆಟ್ ಟ್ರೇಸರ್ ಉಚಿತವಾಗಿ ಸಿಗುತ್ತೆ. ಮೇಲಿನ ವಠಾರವನ್ನು ಅದರಲ್ಲಿ ಕಟ್ಟಿ, ಬೇಕಂತಲೇ "ಆ್ಯಡ್" ಬಿಟ್ಟು ನೋಡಿ. ಪಿಂಗ್ ನಿಲ್ಲುತ್ತೆ. "ಶೋ ಇಂಟರ್ಫೇಸಸ್ ಟ್ರಂಕ್" ಹಾಕಿ ಯಾಕೆ ನಿಂತಿತು ಅಂತ ಹುಡುಕಿ, ಸರಿ ಮಾಡಿ. ಕೆಲಸಕ್ಕೆ ಸೇರಿದ ಮೇಲೆ ಉಪಯೋಗಕ್ಕೆ ಬರುವ ಕ್ರಮವೂ ಇದೇ: ಮೊದಲು "ಶೋ", ಆಮೇಲೆ ಬದಲಾವಣೆ, ಮತ್ತೆ "ಶೋ", ಕೊನೆಗೆ ಉಳಿಸೋದು.