ಹೊಲದಾಗಿನ ಜಲಪಾತ

ಜಲ ಅಂದ್ರೆ ನೀರು, ಪಾತ ಅಂದ್ರೆ ಬೀಳೋದು. ಜಲಪಾತ ಪುಸ್ತಕದ ಮಾತು. ಮಲೆನಾಡಿನ ಕಡೆ ಅಬ್ಬಿ, ದಬದಬೆ ಅಂತಾರೆ. ತೆಲುಗಿನಲ್ಲಿ ಎತ್ತಿಪೋತಲ ಅಂತ ಒಂದು ಜಲಪಾತದ ಹೆಸರೇ ಇದೆ. ಎತ್ತಿ ಸುರಿಯೋದು ಅಂತ ಅರ್ಥ. ಏತ ನೀರಾವರಿಗೂ ಅವರದು ಅದೇ ಮಾತು. ಆದರೆ ನೀರು ಬಿದ್ದ ಜಾಗದಲ್ಲಿ ಏನಾಗುತ್ತದೆ ಅನ್ನೋದು ಯಾವ ಹೆಸರಿನಲ್ಲೂ ಇಲ್ಲ. ರೈತನಿಗೆ ಬೇಕಾದ್ದು ಅದೇ.

ಮಳೆಗಾಲದಲ್ಲಿ ಲಿಂಗಸುಗೂರು ತಾಲೂಕಿನ ಗುಂಡಲಬಂಡ ಜಲಪಾತ ನೋಡಲು ರಾಯಚೂರಿನಿಂದ ಜನ ಹೋಗುತ್ತಾರೆ. ಅಲ್ಲಿ ಬಂಡೆ ಇದೆ, ತಡೀತದೆ. ಆದರೆ ಬಂಡೆಯೂ ಸವೀತದೆ. ಬೀಳೋ ನೀರು ಬುಡ ಕೊರೀತದೆ, ಆಸರೆ ತಪ್ಪಿ ಮೇಲಿನದು ಕುಸೀತದೆ, ಜಲಪಾತ ಹಿಂದಕ್ಕೆ ಸರೀತದೆ. ಅಮೆರಿಕ-ಕೆನಡಾ ಗಡಿಯ ನಯಾಗರ ಹೀಗೆ ಸುಮಾರು 12,000 ವರ್ಷಗಳಲ್ಲಿ 11 ಕಿಲೋಮೀಟರ್‌ನಷ್ಟು ಹಿಂದೆ ಸರಿದಿದೆ.

ದೇವದುರ್ಗ, ಮಾನ್ವಿ ಕಡೆಯ ಎರೆ ಹೊಲಕ್ಕೆ ಸಾವಿರಾರು ವರ್ಷ ಬೇಕಿಲ್ಲ, ಒಂದು ಜೋರು ಮಳೆ ಸಾಕು. ಒಡ್ಡಿನಿಂದ ಕೆಳಗಿನ ಹೊಲಕ್ಕೆ ನೀರು ಒಂದು ಮೊಳ ಬಿದ್ದರೂ ಅದು ಜಲಪಾತವೇ. ಬುಡದಾಗ ಗುಂಡಿ ಬೀಳ್ತದೆ. ಮರುಮಳೆಗೆ ಒಡ್ಡು ಕುಸೀತದೆ. ಕೊರಕಲು ಮೇಲಿನ ಹೊಲದೊಳಗೆ ನಡಕೊಂಡು ಬರ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣೋ ನಮಗೆ ನೀರೂ ಹೋಯ್ತು, ಮೇಲ್ಮಣ್ಣೂ ಹೋಯ್ತು. ತಿಪ್ಪೆಗೊಬ್ಬರವೂ ಅದರ ಜೊತೆ ಕೃಷ್ಣೆಗೋ ತುಂಗಭದ್ರೆಗೋ ಸೇರ್ತದೆ.

ಕೊರಕಲಿಗೆ ಬರೀ ಮಣ್ಣು ತುಂಬಿದರೆ ನಿಲ್ಲೋದಿಲ್ಲ. ಕಾಲುವೆ ನೋಡಿರಿ. ನೀರು ಇಳಿಯೋ ಕಡೆ ಡ್ರಾಪ್ ಕಟ್ಟಿ, ಕೆಳಗೆ ಕಲ್ಲು ಇಲ್ಲವೇ ಸಿಮೆಂಟಿನ ಹಾಸು ಹಾಕಿರುತ್ತಾರೆ. ಬಿದ್ದ ನೀರಿನ ಸೊಕ್ಕು ಅಲ್ಲೇ ಮುರೀತದೆ. ಹೊಲಕ್ಕೂ ಅದೇ ಉಪಾಯ:

1. ನೀರು ಎಲ್ಲೆಂದರಲ್ಲಿ ಒಡ್ಡು ಹಾರಬಾರದು. ಒಂದೇ ಕಡೆ ಕೋಡಿ ಬಿಡಿರಿ. ಕೋಡಿಯ ನಡು ತಗ್ಗಿರಲಿ, ಎರಡೂ ಬದಿ ಎತ್ತರ ಇರಲಿ.

2. ಒಂದೇ ಸಲ ಬೀಳಿಸದೆ ಕಲ್ಲಿನ ಮೆಟ್ಟಿಲು ಮಾಡಿ ಇಳಿಸಿರಿ. ಅಡಿಗೆ ಸಣ್ಣ ಕಲ್ಲು, ಮೇಲೆ ದಪ್ಪ ಕಲ್ಲು.

3. ಕೆಳಗಿನ ಕಲ್ಲುಹಾಸು ನೀರು ಬೀಳೋ ಎತ್ತರದ ಒಂದೂವರೆ ಪಟ್ಟಾದರೂ ಉದ್ದ ಇರಲಿ. ಎರಡು ಅಡಿ ಬಿದ್ದರೆ ಮೂರು ಅಡಿ ಹಾಸು.

4. ಅಂಚಿಗೆ ಕರಿಕೆ ಹುಲ್ಲು ಹಚ್ಚಿರಿ. ಬೇರು ಮಣ್ಣು ಹಿಡೀತದೆ.

ಈ ಕೆಲಸ ಮೇಲಿನ ಹೊಲದವರು, ಕೆಳಗಿನ ಹೊಲದವರು ಕೂಡಿ ಮಾಡಬೇಕು. ಗುಂಡಿ ಬೀಳೋದು ಒಬ್ಬರ ಹೊಲದಾಗ, ಒಡ್ಡು ಒಡೆಯೋದು ಇನ್ನೊಬ್ಬರದು.

ಮುಂಗಾರಿನ ಮೊದಲ ದೊಡ್ಡ ಮಳೆ ತಗ್ಗಿದ ಕೂಡಲೇ ಒಡ್ಡಿನ ಗುಂಟ ಒಂದು ಸುತ್ತು ಹೋಗಿರಿ. ನೀರು ಬೀಳೋ ಸಪ್ಪಳ ಕೇಳಿದಲ್ಲಿ ಗೂಟ ಬಡೀರಿ. ಹೊಲ ಆರಿದ ಮೇಲೆ ಮೊದಲ ಬಂಡಿ ಕಲ್ಲು ಆ ಗೂಟದ ಹತ್ತಿರವೇ ಇಳೀಲಿ.