ಊಟ, ವಸತಿ, ಕಸುಬು

ರಾಣೆಬೆನ್ನೂರು ತಾಲೂಕಿನ ಕುಪ್ಪೇಲೂರಿನಂಥ ಊರಲ್ಲಿ ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟವರು ಕಸುಬು ಕಲಿಯಲು ಸಾಲ ಮಾಡಬೇಕಿಲ್ಲ. ಆ ದಾರಿ ತೆರೆದದ್ದು ದಕ್ಷಿಣ ಕನ್ನಡದ ಉಜಿರೆ.

1982ರಲ್ಲಿ ಧರ್ಮಸ್ಥಳದ ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳನ್ನು ಜೊತೆಗೂಡಿಸಿಕೊಂಡು ಅಲ್ಲಿ ರುಡ್‌ಸೆಟ್ ಸಂಸ್ಥೆ ಕಟ್ಟಿದರು. ಕೆಲವೇ ವಾರಗಳ ತರಬೇತಿ. ಊಟ, ವಸತಿ ಪುಕ್ಕಟೆ. ಹೊಲಿಗೆ, ಹೈನುಗಾರಿಕೆ, ಮೊಬೈಲ್ ರಿಪೇರಿಯ ಜೊತೆಗೆ ಲೆಕ್ಕ ಬರೆಯುವುದನ್ನೂ ಗಿರಾಕಿಯನ್ನು ಉಳಿಸಿಕೊಳ್ಳುವುದನ್ನೂ ಕಲಿಸುತ್ತಾರೆ. ಸರ್ಟಿಫಿಕೇಟ್ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ. ಬ್ಯಾಂಕ್ ಸಾಲ ಸಿಗುವವರೆಗೆ, ಅಂಗಡಿ ನಿಲ್ಲುವವರೆಗೆ ಎರಡು ವರ್ಷ ಬೆನ್ನಿಗಿರುತ್ತಾರೆ. ಅಸಲು ಜಾಣತನ ಇರುವುದೇ ಇಲ್ಲಿ.

ಕಸುಬು ಕಲಿಸಲೆಂದೇ ಪುಟ್ಟ ದ್ವೀಪ ಸಿಂಗಪುರವೂ 1992ರಲ್ಲಿ ಐಟಿಇ ಎಂಬ ತರಬೇತಿ ಸಂಸ್ಥೆ ಸ್ಥಾಪಿಸಿ ಉದ್ಯಮಗಳಿಗೆ ಬೇಕಾದ ಕುಶಲಿಗಳನ್ನು ತಯಾರಿಸಿತು. ಉಜಿರೆಯ ಲೆಕ್ಕಾಚಾರವೇ ಬೇರೆ: ಊರಲ್ಲೇ ಸ್ವಂತ ದುಡಿಮೆ.

2009ರಿಂದ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಆರ್‌ಸೆಟಿ ಹೆಸರಲ್ಲಿ ಜಿಲ್ಲೆಗೊಂದರಂತೆ ಹರಡಿತು. ವಯಸ್ಸು 18 ದಾಟಿದವರು ಜಿಲ್ಲೆಯ ಲೀಡ್ ಬ್ಯಾಂಕಿನಲ್ಲಿ ವಿಚಾರಿಸಿ ನೋಡಿ.